ಒಂದು ಕರಿಜಾಲಿ, ಐದು ಹೆಸರು: ವೈಜ್ಞಾನಿಕ ಹೆಸರುಗಳನ್ನು ಲಿಂಕ್ಡ್ ಡೇಟಾ ಮಾಡುವುದು ಹೇಗೆ

ಬಯಲುಸೀಮೆಯ ಕೆರೆ ಅಂಗಳಗಳಲ್ಲಿ ಕರಿಜಾಲಿ ಇಲ್ಲದ ಕಡೆ ಕಡಿಮೆ. ಮರ ಒಂದೇ. ಆದರೆ ಪುಸ್ತಕಗಳಲ್ಲಿ ಅದರ ವೈಜ್ಞಾನಿಕ ಹೆಸರು ಹುಡುಕಿಕೊಂಡು ಹೋದರೆ ಐದು ಸಿಗುತ್ತವೆ. ಮಿಮೋಸಾ ನಿಲೋಟಿಕಾ, ಮಿಮೋಸಾ ಅರೇಬಿಕಾ, ಅಕೇಶಿಯಾ ಅರೇಬಿಕಾ, ಅಕೇಶಿಯಾ ನಿಲೋಟಿಕಾ, ವಾಚೆಲಿಯಾ ನಿಲೋಟಿಕಾ. ಇನ್ನೂ ಕೆದಕಿದರೆ ಇನ್ನೂ ಸಿಗುತ್ತವೆ. ನಮಗೆ ಇಲ್ಲಿ ಐದು ಸಾಕು.

ಕಂಪ್ಯೂಟರಿಗೆ ಇವು ಐದು ಬೇರೆ ಬೇರೆ ಪದಗಳು, ಅಷ್ಟೇ. ನೂರು ವರ್ಷದ ಹಿಂದೆ ಒತ್ತಿ ಒಣಗಿಸಿಟ್ಟ ಕೊಂಬೆ ಮತ್ತು ಮೊನ್ನೆ ಯಾರೋ ಫೋನಿನಲ್ಲಿ ತೆಗೆದ ಚಿತ್ರ, ಎರಡೂ ಒಂದೇ ಮರದ್ದು ಎಂದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ತಿಳಿಯುವ ಹಾಗೆ ನಾವು ಬರೆದಿಡಬೇಕು.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಸಸ್ಯಶಾಸ್ತ್ರ ವಿಭಾಗದ ಬೀರುಗಳಲ್ಲಿರುವ ಹರ್ಬೇರಿಯಂ ಹಾಳೆಗಳ, ಅಂದರೆ ಒಣಗಿಸಿದ ಗಿಡ ಅಂಟಿಸಿ ಚೀಟಿ ಬರೆದಿಟ್ಟ ಹಾಳೆಗಳ, ವಿವರವನ್ನು ಕಂಪ್ಯೂಟರಿಗೆ ತರುವ ಕೆಲಸವನ್ನು ಅಲ್ಲಿನ ಮೇಡಂ ಮತ್ತು ನಾನು ಸೇರಿ ಮಾಡುತ್ತಿದ್ದೇವೆ. ಗಿಡ ಗುರುತಿಸುವುದು ಅವರ ವಿದ್ಯೆ. ಹೆಸರುಗಳನ್ನು ಜೋಡಿಸಿಡುವುದು ನನ್ನದು. ಲೈಬ್ರರಿಯವರಿಗೆ ಇದು ಹೊಸದೇನಲ್ಲ. ಒಬ್ಬ ಲೇಖಕರಿಗೆ ಎರಡು ಕಾವ್ಯನಾಮ ಇದ್ದರೆ ಎರಡಕ್ಕೂ ಕಾರ್ಡ್ ಮಾಡಿ, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸುತ್ತೇವೆ. ಯಾವ ಕಾರ್ಡನ್ನೂ ಹರಿದು ಹಾಕುವುದಿಲ್ಲ. ಕಾಲೇಜಿನ ಹರ್ಬೇರಿಯಂ, ಊರಿನ ಜೀವವೈವಿಧ್ಯ ದಾಖಲಾತಿ, ಹಕ್ಕಿ ನೋಡುವ ಗುಂಪಿನ ಪಟ್ಟಿ, ಇಂಥದ್ದು ಯಾವುದಾದರೂ ನಿಮ್ಮ ಕೈಯಲ್ಲಿದ್ದರೆ ಮುಂದಿನದು ನಿಮಗಾಗಿ.

ಲಿಂಕ್ಡ್ ಡೇಟಾ ಎಂದರೆ ಏನು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಇದಕ್ಕೆ ನಾಲ್ಕು ನಿಯಮ ಬರೆದರು. ಪ್ರತಿ ವಸ್ತುವಿಗೂ ಒಂದು ಗುರುತು ಕೊಡಿ. ಆ ಗುರುತು ವೆಬ್ ವಿಳಾಸವೇ ಆಗಿರಲಿ. ಅದನ್ನು ತೆರೆದವರಿಗೆ ಉಪಯೋಗವಾಗುವ ಮಾಹಿತಿ ಸಿಗಲಿ. ಆ ಮಾಹಿತಿಯಲ್ಲಿ ಬೇರೆಯವರ ವಿಳಾಸಗಳಿಗೂ ಕೊಂಡಿ ಇರಲಿ. ಮಾಹಿತಿ ಬರೆಯುವ ರೀತಿಗೆ ಆರ್‌ಡಿಎಫ್ ಎನ್ನುತ್ತಾರೆ. ಅದರಲ್ಲಿ ಎಲ್ಲವೂ ಮೂರು ತುಂಡಿನ ವಾಕ್ಯ: ಯಾವುದರ ಬಗ್ಗೆ, ಏನು ಸಂಬಂಧ, ಯಾವುದಕ್ಕೆ. ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು.

ಹೆಸರು ಬೇರೆ, ಪ್ರಭೇದ ಬೇರೆ

ಈ ಇಡೀ ಕೆಲಸ ನಿಂತಿರುವುದು ಒಂದು ಮಾತಿನ ಮೇಲೆ. ಹೆಸರಿನ ಬಗ್ಗೆ ಹೇಳುವುದು ಸಂಗತಿ. ಪ್ರಭೇದದ ಬಗ್ಗೆ ಹೇಳುವುದು ಅಭಿಪ್ರಾಯ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕಬೇಡಿ.

ಮಿಮೋಸಾ ನಿಲೋಟಿಕಾ ಎಂಬ ಹೆಸರನ್ನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನಿಯಸ್ 1753ರಲ್ಲಿ, ತಮ್ಮ ಸಸ್ಯಗ್ರಂಥದ 521ನೇ ಪುಟದಲ್ಲಿ ಕೊಟ್ಟರು. ಇದು ಸಂಗತಿ. ಇನ್ನು ನೂರು ವರ್ಷ ಹೋದರೂ ಬದಲಾಗದು. ಹತ್ತಿರದ ಪ್ರಭೇದಗಳ ಗುಂಪಿಗೆ ಜೀನಸ್ ಎನ್ನುತ್ತಾರೆ, ಹೆಸರಿನ ಮೊದಲ ಪದ ಅದೇ. ಆ ಗಿಡವನ್ನು ಅಕೇಶಿಯಾ ಜೀನಸ್‌ಗೆ ಸೇರಿಸಿದ ಹೆಸರು 1813ರಲ್ಲಿ ಬಂತು. ನೆಪೋಲಿಯನ್ ಈಜಿಪ್ಟಿಗೆ ಕರೆದೊಯ್ದ ವಿದ್ವಾಂಸರಲ್ಲಿ ಒಬ್ಬರಾದ ಡೆಲೀಲ್ ಅದನ್ನು ಪ್ರಕಟಿಸಿದರು. ಅದೇ ಗಿಡವನ್ನು ವಾಚೆಲಿಯಾಗೆ ಸೇರಿಸಿದ ಹೆಸರು 2008ರಲ್ಲಿ ಬಂತು. ಹರ್ಟರ್ ಮತ್ತು ಮ್ಯಾಬರ್ಲಿ ಅದರ ಕರ್ತೃಗಳು. ಈ ಮೂರು ಹೆಸರಿಗೂ ಬೇರು ಒಂದೇ, ಲಿನಿಯಸ್ ಕೊಟ್ಟ ಹೆಸರು. ಸಸ್ಯಶಾಸ್ತ್ರದವರು ಆ ಬೇರಿಗೆ ಬೇಸಿಯೋನಿಮ್ ಎನ್ನುತ್ತಾರೆ. ಬೇಸಿಯೋನಿಮ್ ಕೊಂಡಿಯೂ ಸಂಗತಿಯೇ. ಪುಸ್ತಕ ತೆರೆದು ತೋರಿಸಬಹುದು.

ಅಕೇಶಿಯಾ ಅರೇಬಿಕಾದ ಕಥೆ ಹಾಗಲ್ಲ. ಅದರ ಬೇರು ಲಾಮಾರ್ಕ್ 1783ರಲ್ಲಿ ಕೊಟ್ಟ ಮಿಮೋಸಾ ಅರೇಬಿಕಾ. ಅದನ್ನು ಅಕೇಶಿಯಾಕ್ಕೆ ತಂದವರು ವಿಲ್ಡೆನೋ, 1806ರಲ್ಲಿ. ಹೂಕರ್ ಸಂಪಾದಿಸಿದ ಬ್ರಿಟಿಷ್ ಇಂಡಿಯಾದ ಸಸ್ಯಸಂಪುಟಗಳು 1872ರಿಂದ 1897ರವರೆಗೆ ಬಂದವು. ಅವುಗಳಲ್ಲಿ ನಮ್ಮ ಕರಿಜಾಲಿ ಇರುವುದು ಈ ಹೆಸರಿನಲ್ಲೇ. ಹಳೆಯ ಹಾಳೆಗಳಲ್ಲಿ ಈ ಹೆಸರೇ ಜಾಸ್ತಿ ಕಾಣುವುದಕ್ಕೆ ಅದೇ ಕಾರಣ. ಆದರೆ ಅರೇಬಿಕಾ ಮತ್ತು ನಿಲೋಟಿಕಾ ಒಂದೇ ಪ್ರಭೇದ ಎನ್ನುವುದು ಗಿಡಗಳನ್ನು ಹೋಲಿಸಿ ನೋಡಿದವರು ಕೊಟ್ಟ ತೀರ್ಮಾನ. ಒಳ್ಳೆಯ ತೀರ್ಮಾನ, ಎಲ್ಲರೂ ಒಪ್ಪಿದ್ದಾರೆ. ಆದರೂ ಅದು ತೀರ್ಮಾನ. ಅದರ ಕೆಳಗೆ ಸಹಿ ಇರಬೇಕು.

ಹಾಗಾಗಿ ಎರಡು ಬಗೆಯ ನೋಡ್, ಅಂದರೆ ತನ್ನದೇ ಗುರುತಿರುವ ದಾಖಲೆ, ಮಾಡಿಕೊಳ್ಳಿ. ಒಂದು ಹೆಸರಿಗೆ, ಇನ್ನೊಂದು ಪ್ರಭೇದಕ್ಕೆ. ಕರಿಜಾಲಿಗೆ ಐದು ಹೆಸರು-ನೋಡ್, ಒಂದು ಪ್ರಭೇದ-ನೋಡ್. ಸಾಲುಗಳು ಹೀಗಿರುತ್ತವೆ:

ಹೆಸರು 4, ಅಕೇಶಿಯಾ ನಿಲೋಟಿಕಾ → ಬೇಸಿಯೋನಿಮ್ → ಹೆಸರು 1, ಮಿಮೋಸಾ ನಿಲೋಟಿಕಾ
ಹೆಸರು 5, ವಾಚೆಲಿಯಾ ನಿಲೋಟಿಕಾ → ಬೇಸಿಯೋನಿಮ್ → ಹೆಸರು 1, ಮಿಮೋಸಾ ನಿಲೋಟಿಕಾ
ಹೆಸರು 3, ಅಕೇಶಿಯಾ ಅರೇಬಿಕಾ → ಬೇಸಿಯೋನಿಮ್ → ಹೆಸರು 2, ಮಿಮೋಸಾ ಅರೇಬಿಕಾ
ಪ್ರಭೇದ 1 → ಒಪ್ಪಿದ ಹೆಸರು → ಹೆಸರು 5
ಪ್ರಭೇದ 1 → ಸಿನೊನಿಮ್ (ಅದೇ ಪ್ರಭೇದದ ಇತರ ಹೆಸರು) → ಹೆಸರು 1, ಹೆಸರು 2, ಹೆಸರು 3, ಹೆಸರು 4
ಪ್ರಭೇದ 1 → ಯಾರ ಪ್ರಕಾರ → ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್, ನೋಡಿದ ದಿನಾಂಕ ಸಹಿತ

ಕೊನೆಯ ಸಾಲು ಬಿಡಬೇಡಿ. ಬಿಟ್ಟರೆ ನಿಮ್ಮ ಡೇಟಾ ಇಂದು ಸರಿ ಇರುತ್ತದೆ, ಹತ್ತು ವರ್ಷಕ್ಕೆ ಅನಾಥವಾಗುತ್ತದೆ.

ಪದಕೋಶ, ಅಂದರೆ ಕಾಲಂ ಮತ್ತು ಸಂಬಂಧಗಳಿಗೆ ಎಲ್ಲರೂ ಒಪ್ಪಿದ ಹೆಸರುಗಳ ಪಟ್ಟಿ, ಯಾವುದು ಬಳಸಬೇಕು ಎಂದು ಕೇಳಿದರೆ, ಎಲ್ಲಕ್ಕೂ ಸಾಕಾಗುವ ಒಂದೇ ಪದಕೋಶ ಇಲ್ಲ. ನಾನು ಹೀಗೆ ಮಾಡುತ್ತೇನೆ. ಕೋಷ್ಟಕಕ್ಕೆ ಡಾರ್ವಿನ್ ಕೋರ್. ಇದು ಜೀವವೈವಿಧ್ಯ ಮಾಹಿತಿಗೆ ಮಾನಕ ರೂಪಿಸುವ ಟಿಡಿಡಬ್ಲ್ಯುಜಿ ಎಂಬ ಸಂಘ 2009ರಲ್ಲಿ ಅಂಗೀಕರಿಸಿದ ಮಾನಕ. ಸೈಂಟಿಫಿಕ್ ನೇಮ್, ಆಥರ್‌ಶಿಪ್, ನೇಮ್ ಪಬ್ಲಿಷ್ಡ್ ಇನ್, ನೇಮ್ ಅಕಾರ್ಡಿಂಗ್ ಟು ಮುಂತಾದ ಕಾಲಂಗಳು ಅದರಲ್ಲಿ ಸಿದ್ಧವಾಗಿವೆ. ನೇಮ್ ಅಕಾರ್ಡಿಂಗ್ ಟು ಎಂಬುದೇ ನಾನು ಹೇಳಿದ ಸಹಿ. ವೆಬ್ ಪುಟದೊಳಗೆ ಕೂರಿಸುವಾಗ ಜೀವವಿಜ್ಞಾನದ ಪದಕೋಶವಾದ ಬಯೋಸ್ಕೀಮಾಸ್‌ನ ಟ್ಯಾಕ್ಸಾನ್ ಮತ್ತು ಟ್ಯಾಕ್ಸಾನ್ ನೇಮ್ ಎಂಬ ಎರಡು ಬಗೆ ಸರಿಹೊಂದುತ್ತವೆ. ಪ್ರಭೇದ ಮತ್ತು ಹೆಸರು ಬೇರೆ ಎಂಬುದನ್ನು ಅವು ಒಪ್ಪಿಕೊಂಡೇ ಹುಟ್ಟಿವೆ. ಬೇಸಿಯೋನಿಮ್ ಕೊಂಡಿಗೆ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಡೇಟಾ ಭಂಡಾರ ವಿಕಿಡೇಟಾದ ಪಿ566 ಎಂಬ ಗುಣವನ್ನು ಎರವಲು ಪಡೆಯಬಹುದು. ಉಳಿದದ್ದಕ್ಕೆ ನಿಮ್ಮದೇ ಮೂರು ನಾಲ್ಕು ಸಂಬಂಧಗಳನ್ನು ಹೆಸರಿಸಿ, ಒಂದೊಂದರ ಅರ್ಥವನ್ನೂ ಒಂದು ಪುಟದಲ್ಲಿ ಬರೆದಿಟ್ಟರೆ ಸಾಕು. ಆಂಟಾಲಜಿ ಎಂಬ ದೊಡ್ಡ ದೊಡ್ಡ ಪದಕೋಶ ಓದುತ್ತಾ ಕೂತು ಹಾಳೆಗಳನ್ನು ಹುಳುಗಳಿಗೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲು ಹಾಳೆಯ ಮೇಲಿರುವುದನ್ನು ಇದ್ದ ಹಾಗೆ ನಕಲು ಮಾಡಿ

ಹಾಳೆಯ ಚೀಟಿಯಲ್ಲಿ ಏನಿದೆಯೋ ಅದಕ್ಕೇ ಒಂದು ಕಾಲಂ. ಕಾಗುಣಿತ ತಪ್ಪಿದ್ದರೂ ಹಾಗೇ ಇರಲಿ. ತಿದ್ದಿದ ರೂಪಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಮಾಡಿ. ಚೀಟಿ ಬರೆದವರು ಈಗ ಇಲ್ಲದಿರಬಹುದು. ಅವರ ಬರಹ ಸಾಕ್ಷಿ. ಅದನ್ನು ಮುಟ್ಟುವ ಹಕ್ಕು ನಮಗಿಲ್ಲ.

ವೈಜ್ಞಾನಿಕ ಹೆಸರನ್ನು ಡೇಟಾದಲ್ಲಿ ರೋಮನ್ ಲಿಪಿಯಲ್ಲೇ ಬರೆಯಿರಿ. ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಕೊಂಡಿ ಕೂಡಬೇಕಾದ ಕಡೆ ಲಿಪಿ ಬದಲಾದರೆ ಹುಡುಕಾಟ ಅಲ್ಲೇ ನಿಲ್ಲುತ್ತದೆ. ಹೆಸರು, ಕರ್ತೃ, ವರ್ಷ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿಡಿ. ನೂರಾರು ಹೆಸರುಗಳಿದ್ದರೆ ಕೈಯಲ್ಲಿ ಒಡೆಯಬೇಕಿಲ್ಲ. ಗ್ಲೋಬಲ್ ನೇಮ್ಸ್ ಎಂಬ ಯೋಜನೆಯ ಜಿಎನ್ ಪಾರ್ಸರ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಕರ್ತೃವಿನ ಹೆಸರನ್ನು ಅಲಕ್ಷಿಸುವವರು ಜಾಸ್ತಿ. ಅದು ಅಲಂಕಾರಕ್ಕೆ ಇರುವುದಲ್ಲ. ಒಂದೇ ಹೆಸರನ್ನು ಇಬ್ಬರು ಬೇರೆ ಬೇರೆ ಗಿಡಗಳಿಗೆ ಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಕರ್ತೃ ಇಲ್ಲದಿದ್ದರೆ ಯಾರು ಕೊಟ್ಟದ್ದು ಎಂದು ಹೇಳಲು ದಾರಿಯೇ ಇಲ್ಲ. ಸಸ್ಯಗಳಲ್ಲಿ ಆವರಣದೊಳಗೆ ಮೂಲ ಕರ್ತೃ, ಹೊರಗೆ ಹೊಸ ಜೀನಸ್‌ಗೆ ತಂದ ಕರ್ತೃ ಇರುತ್ತಾರೆ. ಪ್ರಾಣಿಗಳಲ್ಲಿ ಮೂಲ ಕರ್ತೃ ಮಾತ್ರ. ಜೀನಸ್ ಬದಲಾಗಿದ್ದರೆ ಅವರ ಸುತ್ತ ಆವರಣ ಬೀಳುತ್ತದೆ. ಆದ್ದರಿಂದ ಯಾವ ನಿಯಮಾವಳಿಯ ಹೆಸರು ಇದು, ಸಸ್ಯದ್ದೋ ಪ್ರಾಣಿಯದ್ದೋ, ಅದಕ್ಕೂ ಒಂದು ಕಾಲಂ ಬೇಕು.

ಈ ಕಾಲಂ ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ರೇಷ್ಮೆ ಬೆಳೆಗಾರರ ಹೊಲವೇ ಸಾಕ್ಷಿ. ಹಿಪ್ಪುನೇರಳೆಯ ಜೀನಸ್ ಮೋರಸ್. ಅಟ್ಲಾಂಟಿಕ್ ಕಡಲಲ್ಲಿ ಮೀನಿಗೆ ಧುಮುಕುವ ಗ್ಯಾನೆಟ್ ಹಕ್ಕಿಯ ಜೀನಸ್ ಕೂಡ ಮೋರಸ್. ಸಸ್ಯಕ್ಕೂ ಪ್ರಾಣಿಗೂ ನಿಯಮಾವಳಿ ಬೇರೆ ಆಗಿರುವುದರಿಂದ ಎರಡೂ ಹೆಸರು ಕ್ರಮಬದ್ಧ. ಬರೀ ಮೋರಸ್ ಎಂದು ಕೊಟ್ಟು ಯಂತ್ರದಿಂದ ಕೊಂಡಿ ಹಾಕಿಸಿದರೆ ರಾಮನಗರದ ಹಿಪ್ಪುನೇರಳೆ ತೋಟದಲ್ಲಿ ಕಡಲ ಹಕ್ಕಿ ಬಂದು ಕೂರಬಹುದು.

ಕನ್ನಡ ಬರಹದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಳೆಯ ನುಡಿ ಅಥವಾ ಬರಹ ಫಾಂಟಿನ ಫೈಲುಗಳು ಯೂನಿಕೋಡ್ ಅಲ್ಲದಿದ್ದರೆ ಮೊದಲು ಪರಿವರ್ತಿಸಿ. ಆಮೇಲೆ ಎಲ್ಲವನ್ನೂ, ಅಕ್ಷರಗಳನ್ನು ಒಂದೇ ಬಗೆಯಲ್ಲಿ ಸಂಕೇತಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಗೋಣಿ ಮರದ ಓ-ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಮರ. ಕಣ್ಣಿಗೆ ಕಾಣದ ಜೋಡಕ ಅಕ್ಷರಗಳೂ ಇದೇ ತೊಂದರೆ ಕೊಡುತ್ತವೆ.

ವಿಳಾಸದಲ್ಲಿ ಹೆಸರು ಹಾಕಬೇಡಿ

ಪ್ರತಿ ನೋಡ್‌ಗೂ ಒಂದು ವೆಬ್ ವಿಳಾಸ ಬೇಕು. ವಿಳಾಸದ ಕೊನೆಯಲ್ಲಿ ಅಕೇಶಿಯಾ-ನಿಲೋಟಿಕಾ ಎಂದು ಬರೆಯಲು ಕೈ ತುರಿಸುತ್ತದೆ. ಓದಲು ಚೆಂದ ಕಾಣುತ್ತದೆ ಕೂಡ. ಪ್ರಭೇದದ ವಿಳಾಸದಲ್ಲಿ ಹಾಗೆ ಮಾಡಲೇಬೇಡಿ. ಅರ್ಥವಿಲ್ಲದ ಒಂದು ಸಂಖ್ಯೆ ಕೊಡಿ.

ಕಾರಣ ಅಕೇಶಿಯಾದ ಕಥೆಯಲ್ಲೇ ಇದೆ. ಈ ಜೀನಸ್ ಹೆಸರನ್ನು ಮಿಲ್ಲರ್ 1754ರಲ್ಲಿ ಕೊಟ್ಟರು. ಜೀನಸ್ ಹೆಸರು ಯಾವ ಪ್ರಭೇದಕ್ಕೆ ಕಟ್ಟಿರುತ್ತದೋ ಅದು ಅದರ ಮಾದರಿ. ಇಲ್ಲಿ ಮಾದರಿ ಆಗಿದ್ದದ್ದು ನಮ್ಮ ಕರಿಜಾಲಿಯ ಪ್ರಭೇದವೇ. ಆಮೇಲೆ ಅಕೇಶಿಯಾ ಎಂಬ ದೊಡ್ಡ ಗುಂಪು ಒಂದೇ ಮೂಲದ್ದಲ್ಲ, ಒಡೆಯಬೇಕು ಎಂದು ತಿಳಿಯಿತು. ನಿಯಮದ ಪ್ರಕಾರ ಹೆಸರು ಮಾದರಿ ಇರುವ ಕಡೆ ಉಳಿಯಬೇಕು. ಹಾಗಾಗಿದ್ದರೆ ಆಸ್ಟ್ರೇಲಿಯಾದ ಸುಮಾರು ಸಾವಿರ ಪ್ರಭೇದಗಳ ಹೆಸರು ಬದಲಾಗಬೇಕಿತ್ತು. 2003ರಲ್ಲಿ ಆರ್ಚರ್ಡ್ ಮತ್ತು ಮ್ಯಾಸ್ಲಿನ್ ಮಾದರಿಯನ್ನೇ ಆಸ್ಟ್ರೇಲಿಯಾದ ಒಂದು ಪ್ರಭೇದಕ್ಕೆ ಬದಲಿಸಬೇಕು ಎಂದು ಪ್ರಸ್ತಾಪ ಇಟ್ಟರು. 2005ರ ವಿಯೆನ್ನಾ ಸಸ್ಯಶಾಸ್ತ್ರ ಮಹಾಸಭೆಯಲ್ಲಿ ಅದು ಅಂಗೀಕಾರವಾಯಿತು. ದೊಡ್ಡ ವಾದ ನಡೆಯಿತು. ಕೊನೆಗೆ 2011ರ ಮೆಲ್ಬರ್ನ್ ಸಭೆಯಲ್ಲೂ ಅದೇ ನಿಂತಿತು. ಆಫ್ರಿಕಾದ ಮತ್ತು ನಮ್ಮ ಜಾಲಿಗಳು ವಾಚೆಲಿಯಾ ಆದವು. ಅದೇ ಗುಂಪಿನಲ್ಲಿದ್ದ ಕಗ್ಗಲಿ ಮರ ಸೆನೆಗೇಲಿಯಾ ಆಯಿತು.

ವಾಚೆಲಿಯಾ ಆಗ ಹುಟ್ಟಿದ ಹೆಸರೂ ಅಲ್ಲ. ಮದ್ರಾಸಿನಲ್ಲಿ ಕಂಪನಿಯ ವೈದ್ಯರಾಗಿದ್ದ ರಾಬರ್ಟ್ ವೈಟ್ ಮತ್ತು ಸ್ಕಾಟ್ಲೆಂಡಿನ ಆರ್ನಾಟ್ ಸೇರಿ 1834ರಲ್ಲಿ ದಕ್ಷಿಣ ಭಾರತದ ಸಸ್ಯಗಳ ಬಗ್ಗೆ ಬರೆದಾಗ ಕೊಟ್ಟ ಹೆಸರು. ಇಷ್ಟು ವರ್ಷ ಮೂಲೆಯಲ್ಲಿದ್ದ ಹೆಸರು ಎದ್ದು ಬಂತು. ಯಾವ ಹೆಸರನ್ನೂ ಅಳಿಸಬಾರದು ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ರಾಜ್ಯಕ್ಕೆ ಬಂದರೆ ಪರಿಸ್ಥಿತಿ ಹೀಗಿದೆ. ಉತ್ತರ ಕನ್ನಡ, ಶಿವಮೊಗ್ಗದ ಕಡೆ ನೆಡುತೋಪುಗಳಲ್ಲಿ ಬೆಳೆಸಿದ ಆಸ್ಟ್ರೇಲಿಯಾ ಮೂಲದ ಮರವನ್ನು ಜನ ಅಕೇಶಿಯಾ ಎಂದೇ ಕರೆಯುತ್ತಾರೆ. ಅದು ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಅದು ಈಗಲೂ ಅಕೇಶಿಯಾವೇ. ಚಿತ್ರದುರ್ಗದ ಜಾಲಿಗೆ ಮಾತ್ರ ಆ ಹೆಸರು ತಪ್ಪಿತು. ವಿಳಾಸದೊಳಗೆ ಜೀನಸ್ ಹೆಸರು ಬರೆದಿದ್ದವರು ಆಗ ಒಂದೋ ವಿಳಾಸ ಬದಲಿಸಬೇಕು, ಇಲ್ಲವೇ ವಿಳಾಸ ಒಂದು ಹೇಳುತ್ತಿದ್ದರೆ ಒಳಗೆ ಇನ್ನೊಂದು ಇರಬೇಕು. ಎರಡೂ ಬೇಡ ಅಲ್ವಾ?

ವಿಳಾಸ ನಿಮ್ಮ ಸಂಸ್ಥೆಯ ವೆಬ್‌ಸೈಟಿಗೆ ಅಂಟಿಕೊಂಡಿರುವುದೂ ಒಳ್ಳೆಯದಲ್ಲ. ವೆಬ್‌ಸೈಟ್ ಗುತ್ತಿಗೆ ಬದಲಾದಾಗ ಎಲ್ಲ ಕೊಂಡಿ ಕಡಿಯುತ್ತದೆ. ಡಬ್ಲ್ಯು3ಐಡಿ ಎಂಬ ಉಚಿತ ಸೇವೆ ಇದೆ. ಅಲ್ಲಿ ಒಂದು ಶಾಶ್ವತ ವಿಳಾಸ ಪಡೆದು, ಅದು ಸದ್ಯ ಎಲ್ಲಿಗೆ ಕಳಿಸಬೇಕು ಎಂದು ಒಂದು ಸಣ್ಣ ಫೈಲಿನಲ್ಲಿ ಬರೆದಿಡಬಹುದು. ಗಿಟ್‌ಹಬ್ ಎಂಬ ಫೈಲು ಹಂಚುವ ತಾಣದಲ್ಲಿ ಖಾತೆ ಇದ್ದರೆ ಸಾಕು. ಬ್ರೌಸರ್ ಬಂದರೆ ಓದುವ ಪುಟಕ್ಕೆ, ಯಂತ್ರ ಬಂದರೆ ಡೇಟಾ ಫೈಲಿಗೆ ಕಳಿಸುವ ವ್ಯವಸ್ಥೆಯನ್ನೂ ಅಲ್ಲೇ ಮಾಡಬಹುದು. ಪುಟ ಬೇರೆ, ಪುಟ ವಿವರಿಸುವ ಪ್ರಭೇದ ಬೇರೆ ಎಂಬುದನ್ನು ತೋರಿಸಲು ವಿಳಾಸದ ಕೊನೆಗೆ ಹ್ಯಾಷ್ ಗುರುತು ಹಾಕಿ ಒಂದು ತುಂಡು ಸೇರಿಸುವುದು ಸುಲಭ ದಾರಿ.

ಒಂದೇ ಹೆಸರು, ಹಿಗ್ಗುವ ಕುಗ್ಗುವ ಅರ್ಥ

ಕರಿಜಾಲಿಯಲ್ಲಿ ಮರ ಒಂದು, ಹೆಸರು ಹಲವು. ಇದರ ತಿರುವುಮುರುವು ಇನ್ನೂ ಕಷ್ಟದ್ದು. ಹೆಸರು ಒಂದೇ ಇರುತ್ತದೆ, ಅದರೊಳಗೆ ಸೇರುವ ಜೀವಿಗಳು ಬದಲಾಗುತ್ತವೆ.

ಧಾರವಾಡದ ಮುಸುವಗಳ ಮೇಲೆ ಜಪಾನಿನ ಯುಕಿಮಾರು ಸುಗಿಯಾಮ ಮತ್ತು ಸಂಗಡಿಗರು 1961ರಿಂದ 1963ರವರೆಗೆ ಅಧ್ಯಯನ ಮಾಡಿದರು. ಹೊಸ ಗಂಡು ಗುಂಪನ್ನು ಹಿಡಿದಾಗ ಮರಿಗಳನ್ನು ಕೊಲ್ಲುವ ನಡವಳಿಕೆ ಲೋಕಕ್ಕೆ ತಿಳಿದದ್ದು ಆ ಬರಹಗಳಿಂದ. ಅವುಗಳಲ್ಲಿ ಮುಸುವದ ಹೆಸರು ಪ್ರೆಸ್ಬೈಟಿಸ್ ಎಂಟೆಲ್ಲಸ್. ಆಗ ದೇಶದ ಉದ್ದಗಲದ ಹನುಮಾನ್ ಲಂಗೂರ್‌ಗಳೆಲ್ಲ ಆ ಒಂದೇ ಹೆಸರಿನೊಳಗೆ ಇದ್ದವು. ನಂತರ ಜೀನಸ್ ಬದಲಾಗಿ ಸೆಮ್ನೋಪಿಥೆಕಸ್ ಎಂಟೆಲ್ಲಸ್ ಆಯಿತು. 2001ರಲ್ಲಿ ಕಾಲಿನ್ ಗ್ರೋವ್ಸ್ ಅದನ್ನು ಏಳು ಪ್ರಭೇದಗಳಾಗಿ ಒಡೆದರು. ಎಂಟೆಲ್ಲಸ್ ಎಂಬ ಹೆಸರು ಏಳರಲ್ಲಿ ಒಂದಕ್ಕೆ ಉಳಿಯಿತು. ಪಶ್ಚಿಮ ಘಟ್ಟದ ಕಪ್ಪುಗಾಲಿನ ಮುಸುವಕ್ಕೆ ಹೈಪೊಲ್ಯೂಕಸ್ ಎಂಬ ಬೇರೆ ಹೆಸರು.

ಈಗ ಹಳೆಯ ದಾಖಲೆಯ ಪ್ರೆಸ್ಬೈಟಿಸ್ ಎಂಟೆಲ್ಲಸ್ ಎನ್ನುವುದನ್ನು ಸಿನೊನಿಮ್ ಪಟ್ಟಿ ನೋಡಿ ಸುಮ್ನೆ ಸೆಮ್ನೋಪಿಥೆಕಸ್ ಎಂಟೆಲ್ಲಸ್ ಎಂದು ಬದಲಿಸಿದರೆ ಏನಾಯಿತು? ಹೆಸರಿನ ಮಟ್ಟಿಗೆ ಸರಿ. ಪ್ರಾಣಿಯ ಮಟ್ಟಿಗೆ, ದೊಡ್ಡ ಗುಂಪಿನ ಯಾವುದೋ ಒಂದು ಮುಸುವ ಎಂದಿದ್ದದ್ದನ್ನು ಸಣ್ಣ ಗುಂಪಿನ ಇಂಥದ್ದೇ ಮುಸುವ ಎಂದು ಮಾಡಿದಿರಿ. ಸುಗಿಯಾಮ ಹೇಳದ ಮಾತನ್ನು ಅವರ ಬಾಯಲ್ಲಿ ಹೇಳಿಸಿದಿರಿ.

ಇದಕ್ಕೆ ಪರಿಹಾರ, ಪ್ರಭೇದ-ನೋಡ್ ಒಂದಲ್ಲ, ಎರಡು. 1960ರ ದಶಕದ ಅರ್ಥದ ಎಂಟೆಲ್ಲಸ್‌ಗೆ ಒಂದು, ಗ್ರೋವ್ಸ್ 2001ರ ಅರ್ಥದ ಎಂಟೆಲ್ಲಸ್‌ಗೆ ಇನ್ನೊಂದು. ಎರಡರ ನಡುವೆ ಒಳಗೊಂಡಿದೆ ಎಂಬ ಸಂಬಂಧ. ಇಂಥ ಸಂಬಂಧಗಳು ಐದೇ ಐದು: ಎರಡೂ ಸಮ, ಇದು ಅದನ್ನು ಒಳಗೊಂಡಿದೆ, ಇದು ಅದರೊಳಗಿದೆ, ಸ್ವಲ್ಪ ಭಾಗ ಮಾತ್ರ ಕೂಡುತ್ತದೆ, ಏನೂ ಕೂಡುವುದಿಲ್ಲ. ಹಳೆಯ ದಾಖಲೆಯನ್ನು ಹಳೆಯ ಅರ್ಥದ ನೋಡ್‌ಗೇ ಕಟ್ಟಿ. ಮುಂದೆ ಯಾರಾದರೂ ತಜ್ಞರು ಚಿತ್ರವನ್ನೋ ಚರ್ಮವನ್ನೋ ನೋಡಿ ಹೇಳಿದರೆ ಆಗ ಹೊಸ ಗುರುತಿಸುವಿಕೆ ಸೇರಿಸಬಹುದು.

ಎಲ್ಲ ಹೆಸರಿಗೂ ಇಷ್ಟು ಮಾಡುತ್ತಾ ಕೂರಬೇಕಿಲ್ಲ. ಒಡೆದ, ಕೂಡಿದ ಪ್ರಭೇದಗಳಿಗೆ ಮಾತ್ರ ಸಾಕು. ನಿಮ್ಮ ಪಟ್ಟಿಯಲ್ಲಿ ಅವು ಯಾವುವು ಎಂಬುದು ವಿಷಯ ಬಲ್ಲವರಿಗೆ ಗೊತ್ತಿರುತ್ತದೆ. ಅವರ ಪಕ್ಕ ಕುಳಿತು ಕೇಳಿ. ಈ ಭಾಗವನ್ನು ಯಂತ್ರಕ್ಕೆ ಬಿಡಬಾರದು.

ಹೊರಗಿನ ಮನೆಗಳಿಗೆ ಕೊಂಡಿ

ಸಸ್ಯದ ಹೆಸರಿಗೆ ಐಪಿಎನ್‌ಐ. ಕ್ಯೂ ಉದ್ಯಾನ, ಹಾರ್ವರ್ಡ್ ಮತ್ತು ಆಸ್ಟ್ರೇಲಿಯಾದ ರಾಷ್ಟ್ರೀಯ ಹರ್ಬೇರಿಯಂ ಸೇರಿ ಕಟ್ಟಿದ ಪಟ್ಟಿ. ಇದು ಹೆಸರಿನ ಸಂಗತಿ ಮಾತ್ರ ಹೇಳುತ್ತದೆ, ಯಾವುದು ಸರಿ ಎಂದು ತೀರ್ಪು ಕೊಡುವುದಿಲ್ಲ. ಆದ್ದರಿಂದ ಹೆಸರು-ನೋಡ್‌ಗೆ ಇದೇ ಸರಿಯಾದ ಜೋಡಿ. ತೀರ್ಪು ಬೇಕಾದರೆ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್. ಪ್ರಾಣಿಗಳ ಹೆಸರಿಗೆ ಜೂಬ್ಯಾಂಕ್ ಇದೆ, ಆದರೆ ಹಳೆಯ ಹೆಸರುಗಳೆಲ್ಲ ಅದರಲ್ಲಿಲ್ಲ. ಸಸ್ಯ, ಪ್ರಾಣಿ ಎರಡಕ್ಕೂ ಕ್ಯಾಟಲಾಗ್ ಆಫ್ ಲೈಫ್ ಎಂಬ ಪ್ರಭೇದ ಪಟ್ಟಿ, ಜೀವಿ ದಾಖಲೆಗಳ ಜಾಗತಿಕ ಭಂಡಾರ ಜಿಬಿಐಎಫ್ ಮತ್ತು ವಿಕಿಡೇಟಾ. ಮೂಲ ಪುಸ್ತಕದ ಪುಟಕ್ಕೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ. ಆ ಕೊಂಡಿ ಹಾಕುವಾಗ ನನಗೆ ಬಹಳ ಖುಷಿ. ಮೊಳಕಾಲ್ಮೂರಿನ ಹುಡುಗಿಯೊಬ್ಬಳು ತನ್ನ ಊರಿನ ಮರದಿಂದ ಎರಡೇ ಹೆಜ್ಜೆಯಲ್ಲಿ 1753ರ ಪುಟಕ್ಕೆ ಹೋಗಬಹುದು.

ಐಪಿಎನ್‌ಐ ಗುರುತುಗಳು ಎಲ್‌ಎಸ್‌ಐಡಿ ಎಂಬ ರೂಪದಲ್ಲಿರುತ್ತವೆ. ಅವನ್ನು ಬ್ರೌಸರಿಗೆ ನೇರ ಕೊಟ್ಟರೆ ತೆರೆಯುವುದಿಲ್ಲ. ಗುರುತನ್ನು ಪಠ್ಯವಾಗಿ ಒಂದು ಕಡೆ ಇಡಿ. ಆ ಹೆಸರಿನ ಪುಟದ ವೆಬ್ ವಿಳಾಸವನ್ನು ಕೊಂಡಿಯಾಗಿ ಇನ್ನೊಂದು ಕಡೆ ಇಡಿ.

ಕೊಂಡಿಗಳನ್ನು ಒಟ್ಟಿಗೆ ಹುಡುಕಲು ಓಪನ್‌ರಿಫೈನ್ ಬಳಸಿ. ಉಚಿತ ತಂತ್ರಾಂಶ. ಕೋಷ್ಟಕದ ಹೆಸರುಗಳನ್ನು ವಿಕಿಡೇಟಾ ಜೊತೆ ತಾಳೆ ನೋಡಿ ಸಲಹೆ ಕೊಡುತ್ತದೆ. ಒಪ್ಪುವ ಮುಂಚೆ ಕುಟುಂಬ ಮತ್ತು ಕರ್ತೃ ಕಾಲಂ ಎರಡನ್ನೂ ನೋಡಿ. ಮೋರಸ್‌ನಂಥ ಹೆಸರು ಸಿಕ್ಕಿಬೀಳುವುದು ಇಲ್ಲೇ.

ಕೊಂಡಿಯ ಬಗೆಯಲ್ಲೂ ಜೋಪಾನ ಬೇಕು. ಸೇಮ್ ಆಸ್ ಎಂಬ ಗಟ್ಟಿ ಸಂಬಂಧವನ್ನು ನಾನು ಪ್ರಭೇದಗಳಿಗೆ ಬಳಸುವುದಿಲ್ಲ. ಔಲ್ ಎಂಬ ಪದಕೋಶದ ಸೇಮ್ ಆಸ್ ಎಂದರೆ ಎರಡೂ ಅಕ್ಷರಶಃ ಒಂದೇ ವಸ್ತು. ಒಂದರ ಬಗ್ಗೆ ಹೇಳಿದ್ದೆಲ್ಲ ಇನ್ನೊಂದಕ್ಕೂ ಅನ್ವಯ. ವಿಕಿಡೇಟಾದ ಪುಟಗಳಲ್ಲಿ ಹೆಸರು ಮತ್ತು ಪ್ರಭೇದ ಎರಡೂ ಕಲಸಿಕೊಂಡಿರುತ್ತವೆ. ಅದಕ್ಕೆ ಸೇಮ್ ಆಸ್ ಎಂದುಬಿಟ್ಟರೆ ನಾವು ಕಷ್ಟಪಟ್ಟು ಬೇರ್ಪಡಿಸಿದ್ದು ಮತ್ತೆ ಕಲಸಿಹೋಗುತ್ತದೆ. ಸ್ಕಾಸ್ ಪದಕೋಶದ ಕ್ಲೋಸ್ ಮ್ಯಾಚ್ ಸಾಕು. ಹತ್ತಿರದ್ದು, ನೀವೇ ನೋಡಿಕೊಳ್ಳಿ ಎಂಬ ಅರ್ಥ ಬರುತ್ತದೆ.

ಊರಿನ ಹೆಸರುಗಳಿಗೂ ಅಷ್ಟೇ ಗೌರವ

ವೈಜ್ಞಾನಿಕ ಹೆಸರಿಗೆ ಇಷ್ಟೆಲ್ಲ ಮಾಡಿ ಕನ್ನಡದ ಹೆಸರನ್ನು ಕೊನೆಯ ಕಾಲಂನಲ್ಲಿ ಅಲ್ಪವಿರಾಮ ಹಾಕಿ ತುರುಕುವುದನ್ನು ನೋಡಿದರೆ ನನಗೆ ನೋವಾಗುತ್ತದೆ. ಆ ಹೆಸರುಗಳನ್ನು ಹೇಳಿದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಲಿನಿಯಸ್‌ನ ಹೆಸರು ಪುಸ್ತಕದಲ್ಲಿದೆ, ಎಲ್ಲಿಗೂ ಹೋಗುವುದಿಲ್ಲ.

ಊರಿನ ಹೆಸರನ್ನೂ ಒಂದು ನೋಡ್ ಮಾಡಿ. ಸ್ಕಾಸ್-ಎಕ್ಸ್‌ಎಲ್ ಎಂಬ ವಿಸ್ತರಣೆಯಲ್ಲಿ ಇದಕ್ಕೆ ಅವಕಾಶ ಇದೆ. ಹೆಸರಿನ ಜೊತೆ ಭಾಷೆ, ತಾಲೂಕು, ಕೇಳಿದ ವರ್ಷ ಬರೆಯಿರಿ. ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಭಾಷೆಯ ಸಂಕೇತ ಸರಿ ಇರಲಿ. ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ, ಕೊಡವಕ್ಕೆ ಕೆಎಫ್‌ಎ, ಕೊಂಕಣಿಗೆ ಕೆಒಕೆ. ಗಾರ್ಸಿನಿಯಾ ಇಂಡಿಕಾ ನೋಡಿ. ಮಲೆನಾಡಿನಲ್ಲಿ ಮುರುಗಲು, ತುಳುನಾಡಿನಲ್ಲಿ ಪುನರ್ಪುಳಿ. ಎರಡನ್ನೂ ಕನ್ನಡ ಎಂದು ಗುರುತು ಹಾಕಿದರೆ ತುಳುವಿಗೆ ಅನ್ಯಾಯ.

ಜಾಲಿಯ ವಿಷಯಕ್ಕೆ ಬನ್ನಿ. ಬರೀ ಜಾಲಿ ಎಂದರೆ ಒಂದು ಪ್ರಭೇದವಲ್ಲ. ಕರಿಜಾಲಿ ವಾಚೆಲಿಯಾ ನಿಲೋಟಿಕಾ, ಬಿಳಿಜಾಲಿ ವಾಚೆಲಿಯಾ ಲ್ಯೂಕೋಫ್ಲಿಯಾ, ಬಳ್ಳಾರಿ ಜಾಲಿ ದೂರದ ಅಮೆರಿಕದಿಂದ ಬಂದ ಬೇರೆಯೇ ಜೀನಸ್. ಹಾಗಾಗಿ ಜಾಲಿ ಎಂಬ ನೋಡ್ ಮೂರು ಪ್ರಭೇದಗಳಿಗೂ ಕೊಂಡಿ ಹೊಂದಿರಬೇಕು. ಹಳೆಯ ದಾಖಲೆಯಲ್ಲಿ ಜಾಲಿ ಎಂದಷ್ಟೇ ಇದ್ದರೆ ಅದನ್ನು ಜಾಲಿ ನೋಡ್‌ಗೇ ಕಟ್ಟಿ ನಿಲ್ಲಿಸಿ. ಕರಿಜಾಲಿಯೇ ಇರಬೇಕು ಎಂದು ಊಹಿಸಿ ಬರೆಯಬೇಡಿ.

ಹಾಳೆಯಿಂದ ಪ್ರಭೇದಕ್ಕೆ

ಹರ್ಬೇರಿಯಂ ಹಾಳೆಯನ್ನು ನೇರವಾಗಿ ಪ್ರಭೇದಕ್ಕೆ ಕಟ್ಟಬೇಡಿ. ನಡುವೆ ಗುರುತಿಸುವಿಕೆ ಎಂಬ ಒಂದು ನೋಡ್ ಇರಲಿ. ಡಾರ್ವಿನ್ ಕೋರ್‌ನಲ್ಲಿ ಅದಕ್ಕೆ ಐಡೆಂಟಿಫಿಕೇಶನ್ ಎಂಬ ಬಗೆ ಇದೆ. ಯಾರು ಗುರುತಿಸಿದರು, ಯಾವಾಗ ಎಂಬುದು ಅದರೊಳಗೆ. ಅಲ್ಲಿಂದ ಟು ಟ್ಯಾಕ್ಸಾನ್ ಎಂಬ ಸಂಬಂಧ ಪ್ರಭೇದಕ್ಕೆ ಹೋಗುತ್ತದೆ. ಒಂದೇ ಹಾಳೆಗೆ ಎರಡು ಮೂರು ಗುರುತಿಸುವಿಕೆ ಇರಬಹುದು. ಹರ್ಬೇರಿಯಂನಲ್ಲಿ ಹಳೆಯ ಚೀಟಿ ಕಿತ್ತುಹಾಕದೆ ಪಕ್ಕದಲ್ಲಿ ಹೊಸ ಚೀಟಿ ಅಂಟಿಸುತ್ತಾರಲ್ಲ, ಡೇಟಾದಲ್ಲೂ ಅದೇ ಪದ್ಧತಿ.

ಶ್ರೀಗಂಧದಂಥ ಮರ, ಅಪರೂಪದ ಸೀತಾಳೆ ಗಿಡ ಇದ್ದರೆ ನಿಖರ ಜಾಗ ಪ್ರಕಟಿಸಬೇಡಿ. ತಾಲೂಕಿನ ಹೆಸರು ಸಾಕು.

ಪ್ರಕಟಣೆ, ಆಮೇಲಿನ ಪಾಲನೆ

ಆರ್‌ಡಿಎಫ್ ಬರೆಯಲು ಎರಡು ರೂಪ ಸಾಕು: ಡೇಟಾ ಫೈಲಿಗೆ ಟರ್ಟಲ್, ವೆಬ್ ಪುಟದೊಳಗೆ ಜೇಸನ್-ಎಲ್‌ಡಿ. ಚಿಕ್ಕ ಸಂಗ್ರಹಕ್ಕೆ ಸರ್ವರ್ ಬಾಡಿಗೆ ಬೇಡ. ಗಿಟ್‌ಹಬ್ ಪೇಜಸ್‌ನಲ್ಲಿ ಇಡಬಹುದು. ಬದಲಾವಣೆಗಳ ಇತಿಹಾಸವೂ ತಾನಾಗಿ ಉಳಿಯುತ್ತದೆ. ಪರವಾನಗಿ ಸ್ಪಷ್ಟವಾಗಿ ಬರೆಯಿರಿ. ವಿಕಿಡೇಟಾ ಸಿಸಿ0 ಬಳಸುತ್ತದೆ, ಅಂದರೆ ಯಾರು ಹೇಗೆ ಬೇಕಾದರೂ ಬಳಸಬಹುದು. ನಿಮ್ಮದೂ ಹಾಗೇ ಇದ್ದರೆ ಎರಡೂ ಕಡೆ ಹರಿದಾಟ ಸುಲಭ.

ಪ್ರಕಟಿಸುವ ಮುಂಚೆ ಆರ್‌ಡಿಎಫ್ ಡೇಟಾವನ್ನು ಪ್ರಶ್ನಿಸುವ ಸ್ಪಾರ್ಕಲ್ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ಮಿಮೋಸಾ ನಿಲೋಟಿಕಾ ಎಂಬ ಹೆಸರಿನಿಂದ ಹೊರಟರೆ ಯಾವ ಹಾಳೆಗಳು ಸಿಗುತ್ತವೆ, ಯಾವ ಕನ್ನಡ ಹೆಸರುಗಳು ಸಿಗುತ್ತವೆ? ಆಮೇಲೆ ಕನ್ನಡದ ಕರಿಜಾಲಿಯಿಂದ ಹೊರಟು ಅದೇ ಹಾಳೆಗಳಿಗೆ ತಲುಪಿ. ಎರಡೂ ಕಡೆಯಿಂದ ಒಂದೇ ಪಟ್ಟಿ ಬಂದರೆ ಕೊಂಡಿ ಸರಿ ಇದೆ. ಬರದಿದ್ದರೆ ಸಾಮಾನ್ಯವಾಗಿ ದೋಷ ಇರುವುದು ಕಾಗುಣಿತದಲ್ಲಿ, ಇಲ್ಲವೇ ಯಾವುದೋ ಹೆಸರನ್ನು ಪ್ರಭೇದದ ಜಾಗದಲ್ಲಿ ಕೂರಿಸಿರುವುದರಲ್ಲಿ.

ಹೆಸರು ಬದಲಾದಾಗ ಏನು ಮಾಡಬೇಕು ಎನ್ನುವುದಕ್ಕೆ ಬಳ್ಳಾರಿ ಜಾಲಿಯೇ ಹತ್ತಿರದ ಉದಾಹರಣೆ. ಎಲ್ಲರಿಗೂ ಗೊತ್ತಿರುವ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. 2022ರಲ್ಲಿ ಪ್ರೊಸೋಪಿಸ್ ಜೀನಸ್ಸನ್ನು ಒಡೆದರು. ಬಳ್ಳಾರಿ ಜಾಲಿ ನೆಲ್ಟುಮಾ ಜೂಲಿಫ್ಲೋರಾ ಆಯಿತು. ಆ ಹೆಸರನ್ನು ರಾಫಿನೆಸ್ಕ್ 1838ರಲ್ಲೇ ಕೊಟ್ಟಿದ್ದರು. ಪ್ರೊಸೋಪಿಸ್ ಒಪ್ಪಿದ ಹೆಸರಾಗಿರುವ ಪ್ರಭೇದ-ನೋಡ್ ನಿಮ್ಮಲ್ಲಿದೆ ಎಂದುಕೊಳ್ಳಿ. ನೆಲ್ಟುಮಾಗೆ ಒಂದು ಹೆಸರು-ನೋಡ್ ಸೇರಿಸಿ. ಬೇಸಿಯೋನಿಮ್ ಕೊಂಡಿ ಹಾಕಿ. 2022ರ ಪ್ರಬಂಧದ ಸಹಿ ಇರುವ ಹೊಸ ಪ್ರಭೇದ-ನೋಡ್ ಮಾಡಿ, ಹಳೆಯ ನೋಡ್ ಜೊತೆ ಸಮ ಎಂದು ಜೋಡಿಸಿ. ಇಲ್ಲಿ ಒಡೆದದ್ದು ಜೀನಸ್, ಪ್ರಭೇದದ ಎಲ್ಲೆ ಹಾಗೇ ಇದೆ. ಹಾಳೆಗಳನ್ನು ಮುಟ್ಟುವುದೇ ಬೇಕಿಲ್ಲ. ಹಳೆಯ ವಿಳಾಸ ತೆರೆಯುತ್ತಲೇ ಇರಬೇಕು, ಅದರ ಮೇಲೆ ಹೊಸದಕ್ಕೆ ಒಂದು ಕೊಂಡಿ ಬರಬೇಕು.

ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದು ವಿಭಾಗ ಬಿಡುವಾಗಿರುವ ದಿನಗಳಲ್ಲಿ, ನಿಮ್ಮ ಪ್ರಭೇದ-ನೋಡ್‌ಗಳ ಸಹಿಯಲ್ಲಿರುವ ದಿನಾಂಕಗಳನ್ನು ನೋಡಿ. ಹಳೆಯದಾದವನ್ನು ಮತ್ತೆ ತಾಳೆ ಹಾಕಿ. ಯಾವುದೂ ಬದಲಾಗಿರದಿದ್ದರೂ ನೋಡಿದ ದಿನಾಂಕ ಬರೆದಿಡಿ.